ಬಿಳೀದಾ, ಹಳದೀದಾ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಎಲ್‌ಇಡಿ ಬಲ್ಬು ಕೇಳಿದರೆ ಎದುರಿನಿಂದ ಎರಡು ಪ್ರಶ್ನೆ ಬರುತ್ತವೆ. ಎಷ್ಟು ವ್ಯಾಟ್? ಬಿಳೀದಾ, ಹಳದೀದಾ? ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರ ಇರುತ್ತದೆ. ಎರಡನೆಯದಕ್ಕೆ ‘ಬಿಳೀದೇ ಕೊಡಿ’ ಎಂದುಬಿಡುವವರೇ ಹೆಚ್ಚು. ಬಿಳಿ ಎಂದರೆ ಜಾಸ್ತಿ ಬೆಳಕು, ಹಳದಿ ಎಂದರೆ ಹಳೇ ಕಾಲದ ಮಂಕು ಎಂಬ ಲೆಕ್ಕ ನಮ್ಮಲ್ಲಿ ಬೇರೂರಿದೆ. ಆದರೆ ಮುಖ್ಯವಾದದ್ದು ಆ ಎರಡನೆಯ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡುವ ಮೊದಲು, ಈ ಬಲ್ಬು ಯಾವ ಕೋಣೆಗೆ, ಎಷ್ಟು ಹೊತ್ತಿನಲ್ಲಿ ಉರಿಯುವಂಥದ್ದು ಎಂದು ನಮ್ಮನ್ನು ನಾವು ಕೇಳಿಕೊಳ್ಳಬೇಕು.

ಮೊದಲ ಪ್ರಶ್ನೆಯನ್ನು ಬೇಗ ಮುಗಿಸೋಣ. ವ್ಯಾಟ್ ಅಂದರೆ ಬಲ್ಬು ತಿನ್ನುವ ವಿದ್ಯುತ್ತಿನ ಲೆಕ್ಕ. ಅದು ಕೊಡುವ ಬೆಳಕಿನ ಲೆಕ್ಕ ಲ್ಯೂಮೆನ್; ಡಬ್ಬಿಯ ಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಹಳೆಯ 60 ವ್ಯಾಟಿನ ತಂತಿ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು, ಇಂದಿನ 9 ವ್ಯಾಟಿನ ಎಲ್‌ಇಡಿ 800ರಿಂದ 900 ಕೊಡುತ್ತದೆ. ಬಲ್ಬಿನಿಂದ ಹೊರಟದ್ದು ಲ್ಯೂಮೆನ್. ಪುಸ್ತಕದ ಮೇಲೆ, ಅಡುಗೆ ಕಟ್ಟೆಯ ಮೇಲೆ ಬಂದು ಬಿದ್ದದ್ದು ಲಕ್ಸ್. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ಬಲ್ಬಿನಿಂದ ಇರುವ ದೂರ ಎರಡರಷ್ಟಾದರೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್, ಸಂಜೆ ದೀಪ ಹಚ್ಚಿದ ಹಾಲ್ 100ರಿಂದ 150, ಹುಣ್ಣಿಮೆಯ ಅಂಗಳ ಒಂದು ಲಕ್ಸಿಗೂ ಕಡಿಮೆ. ಕಣ್ಣು ಎಲ್ಲಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಂತರದ ಅಗಾಧತೆ ನಮ್ಮ ಗಮನಕ್ಕೇ ಬರುವುದಿಲ್ಲ.

ಇನ್ನು ಬಣ್ಣ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನಷ್ಟು ಕಾದರೆ ಹಳದಿ, ಆಮೇಲೆ ಬಿಳುಪು. ಕಾವು ಏರಿದಂತೆ ಬೆಳಕು ಕೆಂಪಿನಿಂದ ನೀಲಿಯ ಕಡೆ ಸರಿಯುತ್ತದೆ. ಡಬ್ಬಿಯ ಮೇಲಿನ ಕೆಲ್ವಿನ್ ಸಂಖ್ಯೆ ಹೇಳುವುದು ಇದನ್ನೇ: ಎಷ್ಟು ಕಾವಿನ ವಸ್ತು ಇಂಥ ಬಣ್ಣದ ಬೆಳಕು ಸೂಸುತ್ತದೆ ಎಂದು. ಎಣ್ಣೆ ದೀಪದ ಕುಡಿ ಸುಮಾರು 1,900 ಕೆಲ್ವಿನ್, ತಂತಿ ಬಲ್ಬು 2,700, ಅಂಗಡಿಯವರ ‘ಬಿಳೀದು’ 6,500.

1905ರಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ ಮೇಲೆ ಬಹುಕಾಲ ಮನೆಯ ಬೆಳಕಿಗೆ ಆಯ್ಕೆ ಎಂಬುದೇ ಇರಲಿಲ್ಲ. ತಂತಿ ಬಲ್ಬು ಹಾಕಿದರೆ ಹಳದಿ. ನಾಲ್ಕಡಿಯ ಟ್ಯೂಬ್‌ಲೈಟು ಬಂದಾಗ ಬಿಳಿ. ಟ್ಯೂಬ್‌ಲೈಟು ಅಷ್ಟೇ ಕರೆಂಟಿನಲ್ಲಿ ನಾಲ್ಕೈದು ಪಟ್ಟು ಬೆಳಕು ಕೊಟ್ಟಿತು. ಬಿಳಿ ಎಂದರೆ ಹೆಚ್ಚು ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿಂದ ಎಂದು ನನ್ನ ಊಹೆ. ದೀಪದ ಬಗೆಗೂ ಬಣ್ಣಕ್ಕೂ ಇದ್ದ ಕಟ್ಟನ್ನು ಎಲ್‌ಇಡಿ ಬಿಡಿಸಿತು. ಅದಕ್ಕೆ ಬುನಾದಿಯಾದ ನೀಲಿ ಎಲ್‌ಇಡಿ ಕಂಡುಹಿಡಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಬಂತು. ಮರುವರ್ಷವೇ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಯಿತು; ನಮ್ಮ ರಾಜ್ಯದಲ್ಲಿ ಅದರ ಹೆಸರು ‘ಹೊಸ ಬೆಳಕು’. ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬುಗಳು ಈ ಯೋಜನೆಯಲ್ಲಿ ಮನೆ ಸೇರಿವೆ.

ಕೆಟ್ಟುಹೋದ ಎಲ್‌ಇಡಿ ಬಲ್ಬು ಸಿಕ್ಕರೆ ಹೋಲ್ಡರಿನಿಂದ ತೆಗೆದು ಅದರ ಬಿಳಿ ಪ್ಲಾಸ್ಟಿಕ್ ಬುರುಡೆಯನ್ನು ತಿರುಚಿ ಬಿಡಿಸಿ ನೋಡಿ. ಒಳಗೆ ಅಲ್ಯೂಮಿನಿಯಂ ಬಿಲ್ಲೆ, ಅದರ ಮೇಲೆ ಅಕ್ಕಿಕಾಳಿಗಿಂತ ಚಿಕ್ಕವಾದ ಹಳದಿ ಚೌಕಗಳು. ಆ ಹಳದಿ ಒಂದು ಲೇಪ, ಫಾಸ್ಫರ್. ಅದರಡಿ ಕೂತಿರುವ ಚಿಪ್ ಸೂಸುವುದು ಬರೀ ನೀಲಿ. ನೀಲಿಯ ಒಂದು ಪಾಲನ್ನು ಲೇಪ ಹೀರಿಕೊಂಡು ಹಳದಿಯಾಗಿ ಹೊರಬಿಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ‘ಬಿಳೀ’ ಬಲ್ಬಿನ ಚೌಕ ತಿಳಿ ನಿಂಬೆ ಬಣ್ಣದ್ದು, ‘ಹಳದಿ’ ಬಲ್ಬಿನದು ಗಾಢ ಕಿತ್ತಳೆ. ಗಾಢ ಲೇಪ ಹೆಚ್ಚು ನೀಲಿಯನ್ನು ನುಂಗುತ್ತದೆ. ಅಂದರೆ ಅಂಗಡಿಯವರು ಕೇಳುವುದರ ನಿಜವಾದ ಅರ್ಥ, ನಿಮ್ಮ ಮನೆಯೊಳಗೆ ಎಷ್ಟು ನೀಲಿ ಬಿಡಲಿ ಎಂದು.

ಆ ನೀಲಿ ಯಾಕೆ ಮುಖ್ಯ? ರೆಟಿನಾದಲ್ಲಿ ದಂಡಕೋಶ, ಶಂಕುಕೋಶ ಎಂಬ ಎರಡು ಬಗೆಯ ಬೆಳಕು ಗ್ರಾಹಕಗಳಿವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೂರನೆಯದೂ ಇದೆ. 1998ರಲ್ಲಿ ಇಗ್ನೇಸಿಯೊ ಪ್ರೊವೆನ್ಸಿಯೊ ಮತ್ತು ಸಂಗಡಿಗರು ಕಪ್ಪೆಯ ಚರ್ಮದ ಬಣ್ಣದ ಕೋಶಗಳಲ್ಲಿ ಮೆಲನಾಪ್ಸಿನ್ ಎಂಬ ಹೊಸ ಬೆಳಕುಗ್ರಾಹಿ ಪ್ರೋಟೀನನ್ನು ಗುರುತಿಸಿದರು. 2002ರಲ್ಲಿ ಡೇವಿಡ್ ಬರ್ಸನ್ ತಂಡ, ರೆಟಿನಾದ ಕೆಲವು ನರಕೋಶಗಳು ದಂಡ, ಶಂಕುಗಳ ನೆರವಿಲ್ಲದೆ ತಾವೇ ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿತು. ಆ ಕೋಶಗಳಲ್ಲಿರುವುದು ಇದೇ ಮೆಲನಾಪ್ಸಿನ್. ಅವುಗಳ ಮುಖ್ಯ ಕೆಲಸ ಚಿತ್ರ ಕಟ್ಟುವುದಲ್ಲ. ಹೊರಗೆ ಹಗಲೋ ಇರುಳೋ ಎಂದು ಮೆದುಳಿನ ಗಡಿಯಾರಕ್ಕೆ ವರದಿ ಒಪ್ಪಿಸುವುದು. ಅವು ಅತಿ ಚುರುಕಾಗಿ ಸ್ಪಂದಿಸುವುದು 480 ನ್ಯಾನೋಮೀಟರ್ ಆಸುಪಾಸಿನ ಬೆಳಕಿಗೆ, ಅಂದರೆ ತಿಳಿ ಆಕಾಶದ ನೀಲಿಗೆ. ಆ ವರದಿ ‘ಹಗಲು’ ಎಂದಿರುವಷ್ಟು ಹೊತ್ತು ನಿದ್ದೆಗೆ ದೇಹವನ್ನು ಅಣಿಗೊಳಿಸುವ ಮೆಲಟೋನಿನ್ ಸ್ರಾವ ತಡವಾಗುತ್ತದೆ.

2022ರಲ್ಲಿ ಈ ಕ್ಷೇತ್ರದ ಹಲವು ತಜ್ಞರು ಒಟ್ಟಾಗಿ ‘ಪ್ಲಾಸ್ ಬಯಾಲಜಿ’ ಪತ್ರಿಕೆಯಲ್ಲಿ ಒಂದು ಶಿಫಾರಸು ಪ್ರಕಟಿಸಿದರು. ಈ ಮೂರನೆಯ ಕೋಶಗಳ ಅಳತೆಗೋಲಿನಲ್ಲಿ, ಅಂದರೆ ಮೆಲನೋಪಿಕ್ ಲಕ್ಸಿನಲ್ಲಿ, ಹಗಲು ಕಣ್ಣಿನ ಮಟ್ಟದಲ್ಲಿ ಕನಿಷ್ಠ 250 ಇರಲಿ; ಮಲಗುವ ಮುಂಚಿನ ಮೂರು ಗಂಟೆ 10 ದಾಟದಿರಲಿ; ನಿದ್ದೆಯ ಹೊತ್ತಿನಲ್ಲಿ 1ರೊಳಗಿರಲಿ. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚುಕಡಿಮೆ ಇದರ ತದ್ವಿರುದ್ಧ. ಹಗಲು ಕಿಟಕಿಗೆ ಪರದೆ ಎಳೆದ ಫ್ಲ್ಯಾಟಿನಲ್ಲಿ ಮಬ್ಬು, ರಾತ್ರಿ ಹತ್ತಕ್ಕೆ ನೆತ್ತಿಯ ಮೇಲೆ 6,500 ಕೆಲ್ವಿನ್. ಅಷ್ಟೇ ಲಕ್ಸ್ ಬೆಳಕು ಕೊಟ್ಟರೂ 2,700 ಕೆಲ್ವಿನ್ ಬಲ್ಬು ಈ ಕೋಶಗಳನ್ನು ಕೆಣಕುವುದು ಬಿಳಿಯದರ ಸುಮಾರು ಅರ್ಧದಷ್ಟು. ಆದ್ದರಿಂದ ಬಣ್ಣ ಬದಲಿಸಿದರಷ್ಟೇ ಸಾಲದು, ಬೆಳಕಿನ ಪ್ರಮಾಣವನ್ನೂ ತಗ್ಗಿಸಬೇಕು.

ಹಗಲಿನ ಕೊರತೆಯನ್ನು ಬಲ್ಬಿನಿಂದ ತುಂಬಲು ಹೋಗಬೇಡಿ. ಮೋಡ ಕವಿದ ದಿನವೂ ಹೊರಗೆ ಸಾವಿರಗಟ್ಟಲೆ ಲಕ್ಸ್ ಬಿದ್ದಿರುತ್ತದೆ. ಮಲೆನಾಡಿನಲ್ಲಿ ಮನೆ ಕಟ್ಟಿದವರು ಮಂಗಳೂರು ಹೆಂಚಿನ ನಡುವೆ ಅಲ್ಲಲ್ಲಿ ಒಂದೊಂದು ಗಾಜಿನ ಹೆಂಚು ಕೂರಿಸುತ್ತಿದ್ದರು. ಕತ್ತಲೆ ಅಡುಗೆಮನೆಯಲ್ಲೂ ಒಲೆಯ ಮುಂದೆ ಬೆಳಕಿನ ಒಂದು ಚೌಕ ಬಿದ್ದಿರುತ್ತಿತ್ತು. ತೊಟ್ಟಿ ಮನೆಯ ನಡುವಿನ ತೆರೆದ ಅಂಗಳ, ಬಯಲುಸೀಮೆಯ ಮಾಳಿಗೆ ಮನೆಯ ಬೆಳಕಿಂಡಿ, ಎಲ್ಲವೂ ಆಕಾಶದ ಬೆಳಕನ್ನು ಒಳಗೆ ಇಳಿಸುವ ಉಪಾಯಗಳೇ. ಇವತ್ತು ಕಟ್ಟುವ ಮನೆಗೂ ಅದೇ ಬೇಕು. ಕಿಟಕಿ ಎತ್ತರಕ್ಕಿದ್ದಷ್ಟೂ ಬೆಳಕು ಒಳಗೆ ದೂರ ತಲುಪುತ್ತದೆ. ಸುಣ್ಣ ಬಳಿದ ಬಿಳಿ ಚಾವಣಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 80ರಷ್ಟನ್ನು ವಾಪಸು ಕೊಡುತ್ತದೆ. ಗಾಢ ಬಣ್ಣದ ಗೋಡೆ ಬಹುಪಾಲು ನುಂಗಿಬಿಡುತ್ತದೆ. ಬಲ್ಬು ಬದಲಿಸುವ ಮೊದಲು ಪೇಂಟಿನ ಬಗ್ಗೆ ಯೋಚಿಸಿ.

ಮನೆಯಲ್ಲಿ ಅತ್ಯಂತ ಕೆಟ್ಟ ಬೆಳಕು ಇರುವ ಜಾಗ ಅಡುಗೆಮನೆ, ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಚಾವಣಿಯ ನಟ್ಟನಡುವೆ ಅಥವಾ ಬಾಗಿಲ ಮೇಲಿನ ಗೋಡೆಗೆ ಒಂದು ಟ್ಯೂಬು. ಕಟ್ಟೆ ಇರುವುದು ಎದುರು ಗೋಡೆಗೆ. ಅಡುಗೆ ಮಾಡುವವರು ದೀಪಕ್ಕೆ ಬೆನ್ನು ಹಾಕಿ ನಿಲ್ಲಬೇಕು; ಅವರ ತಲೆಯ ನೆರಳು ಸರಿಯಾಗಿ ಚಾಕು ಆಡುವ ಜಾಗದ ಮೇಲೆ ಬೀಳುತ್ತದೆ. ಹಾಲಿಗೆ ಬಣ್ಣಬಣ್ಣದ ದೀಪ ಆರಿಸಲು ವಾರಗಟ್ಟಲೆ ಓಡಾಡುವ ಮನೆಯವರು ದಿನಕ್ಕೆ ಮೂರು ಹೊತ್ತು ನಡೆಯುವ ಈ ಕೆಲಸದ ಕಡೆ ತಿರುಗಿ ನೋಡುವುದಿಲ್ಲ. ಪರಿಹಾರ ಸುಲಭ: ಕಟ್ಟೆಯ ಮೇಲಿನ ಕಪಾಟಿನ ಅಡಿಯಲ್ಲಿ, ಹಿಂದಿನ ಗೋಡೆಗಲ್ಲ, ಮುಂದಿನ ಅಂಚಿಗೆ ಒಂದು ಎಲ್‌ಇಡಿ ಪಟ್ಟಿ. ಬೆಳಕು ಕೈಗೂ ಕಣ್ಣಿಗೂ ನಡುವೆ ಬರುತ್ತದೆ, ನೆರಳು ಹಿಂದೆ ಸರಿಯುತ್ತದೆ. ಕಟ್ಟೆಯ ಮೇಲೆ 300 ಲಕ್ಸಾದರೂ ಇರಲಿ, ಬಣ್ಣ 4,000 ಕೆಲ್ವಿನ್ ಸಾಕು.

ಅಡುಗೆಮನೆಗೆ ಇನ್ನೊಂದು ಸಂಖ್ಯೆಯೂ ಬೇಕು: ಸಿಆರ್‌ಐ, ಅಂದರೆ ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣ. ತಂತಿ ಬಲ್ಬಿಗೆ 100, ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ಈ ಅಂಕಿ ಎಂಟು ಮೆಲುಬಣ್ಣಗಳ ಸರಾಸರಿ. ಕಡು ಕೆಂಪು ಆ ಎಂಟರಲ್ಲಿಲ್ಲ. ಅದನ್ನು ಆರ್9 ಎಂದು ಪ್ರತ್ಯೇಕವಾಗಿ ಅಳೆಯುತ್ತಾರೆ, ಅಗ್ಗದ ಎಲ್‌ಇಡಿಗಳು ಸೋಲುವುದು ಅಲ್ಲಿಯೇ. ನೀಲಿ ಚಿಪ್, ಹಳದಿ ಲೇಪ ಇದ್ದಲ್ಲಿ ಕೆಂಪಿಗೆ ದಿಕ್ಕಿಲ್ಲ. ಹಾಗಾಗಿ ಟೊಮೆಟೊ ಬಾಡಿದಂತೆ ಕಾಣುತ್ತದೆ, ಒಗ್ಗರಣೆಯಲ್ಲಿ ಈರುಳ್ಳಿ ಹೊಂಬಣ್ಣಕ್ಕೆ ತಿರುಗಿದ್ದು ತಡವಾಗಿ ತಿಳಿಯುತ್ತದೆ, ಒಣಮೆಣಸಿನಕಾಯಿ ಸೀದದ್ದು ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಸಿಆರ್‌ಐ 90 ದಾಟಿದ ಪಟ್ಟಿಗೆ ಬೆಲೆ ಸ್ವಲ್ಪ ಹೆಚ್ಚು, ಕೊಡಲೇಬೇಕಾದ ಬೆಲೆ ಅದು. ರೇಷ್ಮೆ ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಸೆರಗು ಹಿಡಿದು ಅಂಗಡಿಯ ಬಾಗಿಲಿಗೆ, ಬಿಸಿಲಿಗೆ ಬರುವುದು ಇದೇ ಕಾರಣಕ್ಕೆ. ಒಂದು ಬೆಳಕಿನಲ್ಲಿ ಒಂದೇ ಎನಿಸಿದ ಸೀರೆ, ರವಿಕೆಗಳು ಇನ್ನೊಂದು ಬೆಳಕಿನಲ್ಲಿ ಬೇರೆಬೇರೆಯಾಗುವುದು ಕಣ್ಣಿನ ಭ್ರಮೆಯಲ್ಲ, ಭೌತಶಾಸ್ತ್ರ. ಬಟ್ಟೆ ಜೋಡಿಸಿಟ್ಟುಕೊಳ್ಳುವ ಬೀರುವಿನ ಮುಂದೆಯೂ ಇಂಥದೇ ಬಲ್ಬು ಹಾಕಿ. ದೇವರ ಮನೆಯಲ್ಲೂ ಅಷ್ಟೆ. ಕುಂಕುಮ, ದಾಸವಾಳ, ಹಿತ್ತಾಳೆ ಕಣ್ತುಂಬ ಕಾಣಬೇಕಾದರೆ ಕೆಂಪು ತುಂಬಿದ ಬೆಚ್ಚನೆ ಬೆಳಕು ಬೇಕು.

ಓದುವ ಮೇಜಿಗೆ 400ರಿಂದ 500 ಲಕ್ಸ್. ಚಾವಣಿಯ ದೀಪವನ್ನೇ ದೊಡ್ಡದು ಮಾಡುವುದಕ್ಕಿಂತ ಮೇಜಿನ ಮೇಲೆ ಬಾಗುವ ದೀಪ ಇಟ್ಟರೆ ದೂರದ ಗಣಿತ ನಮ್ಮ ಕಡೆ ಕೆಲಸ ಮಾಡುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ದೀಪ ಎಡಗಡೆ. ಇನ್ನೊಂದು ಪರೀಕ್ಷೆ: ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಬಲ್ಬನ್ನು ನೋಡಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಒಳಗೆ ಕರೆಂಟನ್ನು ಹದಗೊಳಿಸುವ ಡ್ರೈವರ್ ಕಳಪೆಯಾಗಿರುವ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ ಈ ಮಿನುಗಿಗೆ ಕೆಲವರಿಗೆ ತಲೆನೋವು ಬರುತ್ತದೆ. ಪರದೆಯ ಮೇಲೆ ಬೆಳಕು ಬಡಿದುಕೊಳ್ಳುವುದು ಕಂಡರೆ ಆ ಬಲ್ಬನ್ನು ಓದುವ ಕೋಣೆಯಿಂದ ಹೊರಗೆ ಹಾಕಿ.

ಅಜ್ಜ ಅಜ್ಜಿ ಇರುವ ಕೋಣೆಯ ಲೆಕ್ಕವೇ ಬೇರೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ಅರವತ್ತರ ರೆಟಿನಾ ತಲುಪುವ ಬೆಳಕು ಇಪ್ಪತ್ತರವರ ಮೂರನೇ ಒಂದರಷ್ಟು. ‘ಇಷ್ಟು ಬೆಳಕಿದ್ದರೂ ಕಾಣಿಸಲ್ಲವಾ?’ ಎಂದು ಅವರನ್ನು ಗದರುವ ಮೊಮ್ಮಕ್ಕಳಿಗೆ ಈ ಅಂಕಿ ತಿಳಿದಿರಲಿ. ಅವರು ಪಂಚಾಂಗ ನೋಡುವ, ಮಾತ್ರೆ ಆರಿಸುವ ಜಾಗಕ್ಕೆ ಎರಡು ಮೂರು ಪಟ್ಟು ಬೆಳಕು ಕೊಡಿ, ಆದರೆ ಬಲ್ಬು ನೇರ ಕಣ್ಣಿಗೆ ಹೊಡೆಯದಂತೆ ಮುಸುಕು ಇರಲಿ. ಮಸೂರ ಮಸುಕಾದವರಿಗೆ ಪ್ರಖರ ದೀಪದ ಝಳ ದುಪ್ಪಟ್ಟು ಕಾಟ.

ಮಲಗುವ ಕೋಣೆಗೆ 2,700 ಕೆಲ್ವಿನ್, ಅದಕ್ಕಿಂತ ಮೇಲೆ ಬೇಡವೇ ಬೇಡ. ಮಲಗಿದಾಗ ಕಣ್ಣಿಗೆ ಬಲ್ಬೇ ಕಾಣದಂತೆ, ಗೋಡೆಗೆ ಬಿದ್ದು ವಾಪಸು ಬರುವ ಬೆಳಕಿರಲಿ. ರಾತ್ರಿಯಿಡೀ ಉರಿಸುವ ‘ಜೀರೋ ಬಲ್ಬು’ ನಮ್ಮಲ್ಲಿ ಹೆಚ್ಚಾಗಿ ನೀಲಿ ಅಥವಾ ಹಸಿರು. ಮೂರನೆಯ ಕೋಶಗಳು ಬಯಸುವ ಬಣ್ಣವೇ ಅದು. ಕೆಂಪು ಹಾಕಿ, ಅದನ್ನೂ ಮಂಚದ ಎತ್ತರಕ್ಕಿಂತ ಕೆಳಗೆ. ಮಸುಕಿನಲ್ಲಿ ದಾರಿ ತೋರುವ ದಂಡಕೋಶಗಳು ಕಡು ಕೆಂಪನ್ನು ಹೆಚ್ಚುಕಡಿಮೆ ಗ್ರಹಿಸುವುದೇ ಇಲ್ಲ. ಕತ್ತಲಿಗೆ ಪೂರ್ತಿ ಪಳಗಲು ಕಣ್ಣಿಗೆ ಬೇಕಾದ ಅರ್ಧ ಗಂಟೆ ಅದರಿಂದ ವ್ಯರ್ಥವಾಗುವುದಿಲ್ಲ. ರಾತ್ರಿ ಬಚ್ಚಲಿಗೆ ಎದ್ದವರು ಬಿಳಿ ಟ್ಯೂಬು ಹಾಕಿಕೊಂಡರೆ ಆ ಪಳಗುವಿಕೆ ಒಂದೇ ಸಲಕ್ಕೆ ಅಳಿಸಿಹೋಗುತ್ತದೆ, ವಾಪಸು ಬರುವಾಗ ಹೊಸ್ತಿಲು ಕಾಣದೆ ಎಡವುತ್ತಾರೆ.

ಇಲ್ಲಿ ಆಟೊಮೇಷನ್, ಅಂದರೆ ದೀಪ ತಾನಾಗಿ ಹತ್ತಿ, ಆರಿ, ಬಣ್ಣ ಬದಲಿಸುವ ಏರ್ಪಾಟಿನ ಮಾತು ಬರುತ್ತದೆ. ಜಾಹೀರಾತುಗಳು ಅದನ್ನು ವಿದ್ಯುತ್ ಉಳಿತಾಯದ ಹೆಸರಲ್ಲಿ ಮಾರುತ್ತವೆ, ಲೆಕ್ಕ ಹಾಗೆ ಕೂಡುವುದಿಲ್ಲ. 2 ಕಿಲೋವ್ಯಾಟಿನ ಗೀಸರು ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಮುಗಿಸುತ್ತದೆ. ಅದೇ ಒಂದು ಯೂನಿಟ್ಟಿನಲ್ಲಿ 9 ವ್ಯಾಟಿನ ಬಲ್ಬು 111 ಗಂಟೆ ಉರಿಯುತ್ತದೆ. ಸ್ಮಾರ್ಟ್ ಬಲ್ಬು ಆರಿದ್ದಾಗಲೂ ಮೊಬೈಲಿನ ಆಜ್ಞೆಗೆ ಕಿವಿಗೊಟ್ಟು ಸುಮಾರು ಅರ್ಧ ವ್ಯಾಟ್ ಎಳೆಯುತ್ತಿರುತ್ತದೆ. ದಿನಕ್ಕೆ ಅರ್ಧ ಗಂಟೆ ಉರಿಯುವ ಬಚ್ಚಲಿಗೆ ಅಂಥದ್ದನ್ನು ಹಾಕಿದರೆ ಉರಿದಾಗ 4.5 ವ್ಯಾಟ್-ಗಂಟೆ, ಆರಿದಾಗ ಹತ್ತಿರಹತ್ತಿರ 12 ವ್ಯಾಟ್-ಗಂಟೆ. ಆರಿದ ದೀಪವೇ ಹೆಚ್ಚು ತಿಂದಂತಾಯಿತು. ಎಲ್‌ಇಡಿ ಬಂದ ಮೇಲೆ ಬೆಳಕಿನ ಆಟೊಮೇಷನ್ನಿಗೆ ಉಳಿದಿರುವ ನಿಜವಾದ ಕಾರಣ ದೇಹದ ಗಡಿಯಾರ, ಮತ್ತು ಕತ್ತಲಲ್ಲಿ ಎಡವದ ಕಾಲು. ಸಂಜೆ ಏಳಾದ ಮೇಲೆ ಹಾಲಿನ ಬೆಳಕು ತಾನಾಗಿ 2,700ಕ್ಕೆ ಇಳಿದು, ಒಂಬತ್ತಕ್ಕೆ ಕಾಲು ಭಾಗವಾಗುವಂತೆ ಗೊತ್ತುಮಾಡಿಟ್ಟರೆ ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ. ಹಾಲಿಗೆ ಅಂಥ ಬಣ್ಣ ಬದಲಿಸುವ ಬಲ್ಬು ಸಾರ್ಥಕ. ಮಿಕ್ಕ ಕಡೆ ಸಾದಾ ಬಲ್ಬು, ಸೆನ್ಸರ್ ಸಾಕು.

ಹಜಾರ, ಮೆಟ್ಟಿಲು, ಬಚ್ಚಲ ದಾರಿಗೆ ಪಿಐಆರ್ ಸೆನ್ಸರ್ ಒಳ್ಳೆಯದು. ದೇಹದ ಶಾಖ ಸೂಸುವ ಅವಗೆಂಪು ಕಿರಣವನ್ನು ಅದರೊಳಗಿನ ಜೋಡಿ ತುಣುಕುಗಳು ಹೋಲಿಸಿ ನೋಡುತ್ತವೆ. ಒಂದರ ಮುಂದಿನಿಂದ ಇನ್ನೊಂದರ ಮುಂದೆ ಶಾಖ ಸರಿದರೆ ದೀಪ ಹತ್ತುತ್ತದೆ. ಇದರಿಂದ ಎರಡು ತೊಡಕು. ಅಲುಗಾಡದೆ ಕೂತವರು ಅದರ ಪಾಲಿಗೆ ಇಲ್ಲವೇ ಇಲ್ಲ, ಆದ್ದರಿಂದ ಓದುವ ಕೋಣೆಗೆ ಇದು ಬೇಡ. ಉಸಿರಾಟದ ಏರಿಳಿತವನ್ನೂ ಹಿಡಿಯುವ ರೇಡಾರ್ ಸೆನ್ಸರ್ ಅಲ್ಲಿಗೆ ಸರಿ. ಎರಡನೆಯದು ನಮ್ಮ ಉತ್ತರ ಕರ್ನಾಟಕಕ್ಕೆ ಸಂಬಂಧಿಸಿದ್ದು. ಚರ್ಮದ ಉಷ್ಣತೆ ಸುಮಾರು 33–34 ಡಿಗ್ರಿ. ಕಲಬುರಗಿ, ರಾಯಚೂರಿನ ಮೇ ತಿಂಗಳ ಸಂಜೆ ಕಾದ ಗೋಡೆಯೂ ಅಷ್ಟೇ ಬಿಸಿಯಾಗಿರುತ್ತದೆ. ಮನುಷ್ಯನಿಗೂ ಗೋಡೆಗೂ ವ್ಯತ್ಯಾಸ ತಿಳಿಯದೆ ಸೆನ್ಸರ್ ಹತ್ತಿರ ಬರುವ ತನಕ ಸುಮ್ಮನಿರುತ್ತದೆ. ಕೆಟ್ಟಿದೆ ಎಂದು ಕಿತ್ತುಹಾಕುವ ಮೊದಲು ನಸುಕಿನಲ್ಲಿ ಒಮ್ಮೆ ಪರೀಕ್ಷಿಸಿ.

ಗೇಟಿನ ದೀಪಕ್ಕೆ ಹೊತ್ತು ಮುಳುಗಿದಾಗ ಹತ್ತುವ ಬೆಳಕು ಸೆನ್ಸರ್ ಸಾಕು, ಅದರ ಮೇಲೆ ಆ ದೀಪದ್ದೇ ಬೆಳಕು ಬೀಳದಿರಲಿ, ಬಿದ್ದರೆ ಹತ್ತುವುದು ಆರುವುದು ನಡೆಯುತ್ತಲೇ ಇರುತ್ತದೆ. ಗೇಟಿಗೂ ಹಳದಿಯೇ ಲೇಸು, ಮಳೆ ಹುಳುಗಳಿಗೆ ಅದು ಕಡಿಮೆ ಕಾಟ. ಅವು ದೀಪಕ್ಕೆ ಮರುಳಾಗಿ ಬರುತ್ತವೆ ಎಂದು ತಿಳಿದಿದ್ದೆವು. ಬೆಳಕಿದ್ದ ಕಡೆಯೇ ಆಕಾಶ ಎಂದು ನಂಬಿ ಬೆನ್ನನ್ನು ಬೆಳಕಿನ ಕಡೆ ತಿರುಗಿಸಿ ಹಾರುವ ಅವು, ದೀಪದ ಹತ್ತಿರ ಬಂದಾಗ ದಿಕ್ಕುಗೆಟ್ಟು ಅಲ್ಲೇ ಸುತ್ತುತ್ತವೆ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾಗಳಿಂದ ತೋರಿಸಿದೆ.

ಎಷ್ಟೇ ಆಟೊಮೇಷನ್ ಮಾಡಿದರೂ ಗೋಡೆಯ ಸ್ವಿಚ್ಚು ಕೆಲಸ ಮಾಡಬೇಕು. ಬಲ್ಬೇ ಸ್ಮಾರ್ಟ್ ಆದರೆ, ಮನೆಗೆ ಬಂದ ನೆಂಟರು ಅಭ್ಯಾಸಬಲದಿಂದ ಸ್ವಿಚ್ ಆರಿಸಿದೊಡನೆ ಅದು ಸತ್ತಂತೆ. ನಡುರಾತ್ರಿ ಕರೆಂಟು ಹೋಗಿ ಬಂದರೆ ಮನೆಯ ಅಷ್ಟೂ ದೀಪ ಒಟ್ಟಿಗೆ ಪೂರ್ಣ ಪ್ರಖರತೆಯಲ್ಲಿ ಹತ್ತಿಕೊಳ್ಳುವುದೂ ಉಂಟು. ಕರೆಂಟು ಬಂದಾಗ ಹಿಂದಿನ ಸ್ಥಿತಿಗೇ ಮರಳುವಂತೆ ಆ್ಯಪಿನಲ್ಲಿ ಮೊದಲೇ ಹೇಳಿಟ್ಟಿರಬೇಕು. ಇದಕ್ಕಿಂತ ಗಟ್ಟಿ ದಾರಿ, ಸ್ವಿಚ್ ಬೋರ್ಡಿನ ಒಳಗೆ, ಸ್ವಿಚ್ಚಿನ ಬೆನ್ನಿಗೆ ಕೂತು ಆಜ್ಞೆಯಂತೆ ಕರೆಂಟು ಕೂಡಿಸಿ ಬಿಡಿಸುವ ಚಿಕ್ಕ ರಿಲೇ. ಇಂಟರ್ನೆಟ್ ಇಲ್ಲದಿದ್ದರೂ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಹಾಕಿಸಿದ ಮೇಲೆ ಒಂದು ಸಂಜೆ ವೈಫೈ ರೂಟರ್ ಆರಿಸಿಟ್ಟು ನೋಡಿ. ಮನೆಯ ಹಿರಿಯರಿಗೆ ಯಾವ ತೊಂದರೆಯೂ ಆಗದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಅಂಥ ರಿಲೇಗೆ ತಾನೂ ಎಚ್ಚರವಾಗಿರಲು ಕರೆಂಟು ಬೇಕು, ಅದಕ್ಕೆ ನ್ಯೂಟ್ರಲ್ ತಂತಿ ಬೇಕು. ನಮ್ಮ ಬಹಳಷ್ಟು ಮನೆಗಳಲ್ಲಿ ದೀಪದ ಸ್ವಿಚ್ಚಿಗೆ ಫೇಸ್ ಮಾತ್ರ ಬರುತ್ತದೆ, ನ್ಯೂಟ್ರಲ್ ಮೇಲಿನಿಂದಲೇ ನೇರ ಬಲ್ಬಿಗೆ ಹೋಗಿಬಿಟ್ಟಿರುತ್ತದೆ. ನ್ಯೂಟ್ರಲ್ ಬೇಡದ ರಿಲೇಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ಚೂರು ಕರೆಂಟು ಹಾಯಿಸಿಕೊಂಡು ಬದುಕುತ್ತವೆ, ಆ ಚೂರಿಗೇ ಎಲ್‌ಇಡಿ ಕತ್ತಲಲ್ಲಿ ಮಿಣಮಿಣ ಉರಿಯುತ್ತದೆ. ಕೆಂಪು ಇಂಡಿಕೇಟರ್ ಇರುವ ಸ್ವಿಚ್ಚು ಆರಿಸಿದ ಮೇಲೂ ಕೆಲವು ಬಲ್ಬು ಮಂಕಾಗಿ ಹೊಳೆಯುವುದಕ್ಕೆ ಕಾರಣ ಇದೇ. ಭಯ ಬೇಡ, ಎಲೆಕ್ಟ್ರಿಶಿಯನ್‌ಗೆ ಹೇಳಿ ಇಂಡಿಕೇಟರ್ ತೆಗೆಸಿದರೆ ನಿಲ್ಲುತ್ತದೆ. ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆಗೆ ಪೈಪು ಇಳಿಸುವ ಹಂತದಲ್ಲೇ ಪ್ರತಿ ಸ್ವಿಚ್ ಬೋರ್ಡಿಗೂ ಒಂದು ನ್ಯೂಟ್ರಲ್ ಎಳೆಸಿ, ಬೋರ್ಡಿನ ಡಬ್ಬಿ ಸ್ವಲ್ಪ ಆಳದ್ದು ಹಾಕಿಸಿ, ಅಡುಗೆ ಕಟ್ಟೆಯ ಕಪಾಟಿನಡಿಗೂ ಬಚ್ಚಲ ದಾರಿಯ ಪಾದದ ಮಟ್ಟಕ್ಕೂ ಒಂದೊಂದು ಪಾಯಿಂಟ್ ಬಿಡಿಸಿ. ಆಗ ಖರ್ಚು ಕೆಲವು ಮೀಟರ್ ತಂತಿಯದಷ್ಟೇ. ಗಾರೆ, ಪೇಂಟು ಆದ ಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆಯಬೇಕಾಗುತ್ತದೆ.